ಕೆಲಸ ಹೋಯಿತು, ಅಡ್ಡಹೆಸರು ಉಳಿಯಿತು

ಧಾರವಾಡದ ಮಾಳಮಡ್ಡಿಯಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಗೇಟಿನ ಮೇಲಿನ ಹೆಸರುಗಳೇ ಯಾವುದೋ ಹಳೆಯ ಕಚೇರಿಯ ಹಾಜರಿ ಪುಸ್ತಕದಂತೆ ಕಾಣುತ್ತವೆ. ದೇಸಾಯಿ, ದೇಶಪಾಂಡೆ, ಕುಲಕರ್ಣಿ, ನಾಡಗೌಡ. ಹಳ್ಳಿಗಳ ಕಡೆ ಹೊರಟರೆ ಪಾಟೀಲ, ಗೌಡರ, ತಳವಾರ. ಇವೆಲ್ಲ ಮೊದಲು ನೌಕರಿಯ ಹೆಸರುಗಳು. ಹಲವು ಹಳ್ಳಿ ಸೇರಿದ ಪರಗಣೆಯ ಕಂದಾಯ ಎತ್ತಿಕೊಡುವವನು ದೇಸಾಯಿ, ಅದರ ಲೆಕ್ಕ ಬರೆಯುವವನು ದೇಶಪಾಂಡೆ. ಒಂದೇ ಊರಿನ ಮಟ್ಟಿಗೆ ಅದೇ ಜೋಡಿ ಗೌಡ, ಕುಲಕರ್ಣಿ. ಇನಾಮದಾರ, ಜಹಗೀರದಾರ ಅನ್ನುವವು ಕೆಲಸಕ್ಕಿಂತ ಪಗಾರದ ಹೆಸರುಗಳು. ಆಗ ಪಗಾರವೆಂದರೆ ಭೂಮಿ, ಇಲ್ಲವೇ ವಸೂಲಿಯಲ್ಲಿ ಇಷ್ಟು ಪಾಲು.

ಆದಿಲಶಾಹಿಯ ಕಾಲಕ್ಕೂ ಪೇಶ್ವೆಗಳ ಕಾಲಕ್ಕೂ ಈ ವತನ, ಅಂದರೆ ಕೆಲಸ ಮತ್ತು ಅದರ ಪಗಾರದ ಹಕ್ಕು, ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ವಸೂಲಿಗಾರನ ಮನೆ ವಾಡೆಯಾಯಿತು, ವಾಡೆಗೆ ಕಾವಲಿನ ಹುಡೆ ಬಂತು, ಅವನು ದೇಸಾಯರಾದ. ನಮ್ಮ ಸೀಮೆಯ ಸರದಾರಿಕೆ ಬಹುಪಾಲು ಹುಟ್ಟಿದ್ದು ಹೀಗೆ. ಅದಕ್ಕೇ ಅದರ ಬಗೆಗಿನ ಜಗಳ ಕೂಡ ಬೇರೆ ಥರದ್ದು. ಇವರು ಆಳಿದವರೋ, ಆಳಿದವರ ಕೈಕೆಳಗೆ ದುಡಿದವರೋ?

ಕಟ್ಟೆಯ ಮೇಲೆ ಈ ಮಾತು ಎದ್ದರೆ ಒಬ್ಬರಾದರೂ ಹಗೇವಿನ, ಅಂದರೆ ಕಾಳು ತುಂಬಿಡುವ ನೆಲಗುಂಡಿಯ, ವಿಷಯ ತೆಗೆಯುತ್ತಾರೆ: ‘ಬರ ಬಿದ್ದಾಗ ವಾಡೇದವರು ಹಗೇವು ತೆರೀತಿದ್ರು, ಊರು ಉಳೀತಿತ್ತು.’ ಎದುರಿಗಿನವರ ಉತ್ತರವೂ ತಯಾರಿರುತ್ತದೆ: ‘ಆ ಹಗೇವು ತುಂಬಿದವ್ರು ಯಾರಪಾ?’ ವಾಡೆಯ ಮುಂದೆ ಹಾಯುವಾಗ ಕೆರವು ಕೈಯಲ್ಲಿ ಹಿಡಿದು ನಡೆದ ಅಜ್ಜಂದಿರ ಕಥೆ ಅದರ ಬೆನ್ನಿಗೇ ಬರುತ್ತದೆ. ಎರಡೂ ಸುಳ್ಳಲ್ಲ ಅನ್ನುವುದೇ ತೊಡಕು.

‘ನಿಮ್ಮ ಹಕ್ಕಿಗೆ ಕಾಗದ ಎಲ್ಲಿ?’ ಎಂದು ಮೊದಲು ಗಟ್ಟಿಯಾಗಿ ಕೇಳಿದ್ದು ಇಂಗ್ಲಿಷರು. ರೈತರ ಮೇಲಿನ ಕರುಣೆಯಿಂದೇನಲ್ಲ. ಇನಾಮು ಭೂಮಿಯಿಂದ ಕಂದಾಯ ಬರುತ್ತಿರಲಿಲ್ಲ ಅಂತ. 1852ರ ಕಾಯ್ದೆಯಿಂದ ಇನಾಂ ಕಮಿಷನ್ನಿಗೆ ಪೂರ್ತಿ ಬಲ ಬಂತು. ಸನದು, ಅಂದರೆ ದಾನದ ಹಕ್ಕುಪತ್ರ, ತೋರಿಸಲಾಗದವರ ಇನಾಮು ಸರ್ಕಾರಕ್ಕೆ ಸೇರಿತು. ಗೆದ್ದಲು ತಿಂದ ಕಾಗದ, ಕಳೆದ ಮುದ್ರೆ, ಬಾಯಿಮಾತಿನ ದಾನ ಯಾವುದೂ ನಡೆಯಲಿಲ್ಲ. ಅದರ ಮೇಲೆ ಮಕ್ಕಳಿಲ್ಲದವರು ದತ್ತಕ ತೆಗೆದುಕೊಳ್ಳಲು ಅಪ್ಪಣೆ ಕೇಳಿದರೆ ಅದೂ ಇಲ್ಲ.

ನರಗುಂದದ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ಸಿಡಿದೆದ್ದದ್ದು ಈ ದತ್ತಕದ ಗಾಯದಿಂದಲೇ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬಿಡಾರ ಹೂಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ರುಂಡವನ್ನು ನರಗುಂದದ ಬಾಗಿಲಿಗೆ ತೂಗಿಸಿದರು. ಈ ಮ್ಯಾನ್ಸನ್ ಹಿಂದೆ ಇನಾಂ ಕಮಿಷನ್ನಿನಲ್ಲೇ ಕೆಲಸ ಮಾಡಿದ್ದವನು. ಸಿಟ್ಟು ಸರಿಯಾದ ವಿಳಾಸಕ್ಕೇ ತಲುಪಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅದೇ ಹೊತ್ತಿಗೆ ಎದ್ದ ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದ.

ಇದು ಸ್ವಾತಂತ್ರ್ಯದ ಹೋರಾಟವೋ, ಗಾದಿ ಉಳಿಸಿಕೊಳ್ಳುವ ಹೋರಾಟವೋ? ಶಾಲೆಯ ಪುಸ್ತಕ ಮೊದಲನೆಯದನ್ನು ಹೇಳುತ್ತದೆ. ಗಾದಿಗಾಗಿ ಅನ್ನುವುದನ್ನು ಒಪ್ಪಿಕೊಂಡರೂ ಬಾಬಾಸಾಹೇಬನ ಧೈರ್ಯ ಕಡಿಮೆಯಾಗುವುದಿಲ್ಲ ಅಂತ ನನಗನಿಸುತ್ತದೆ. ಮುಚ್ಚಿಟ್ಟರೆ ಮಾತ್ರ ಮುಂದಿನ ಕಥೆ ತಿಳಿಯುವುದಿಲ್ಲ.

ದಂಗೆಯ ಬಳಿಕ ಸರ್ಕಾರ ಮೆತ್ತಗಾಯಿತು, ದತ್ತಕಕ್ಕೆ ಒಪ್ಪಿತು. 1864ರ ಗಾರ್ಡನ್ ಸೆಟ್ಲಮೆಂಟಿನಲ್ಲಿ ದೇಸಾಯಿ, ದೇಶಪಾಂಡೆಗಳನ್ನು ಚಾಕರಿಯಿಂದಲೇ ಬಿಡುಗಡೆ ಮಾಡಿದರು. ವತನದ ಆದಾಯದಲ್ಲಿ ಒಂದು ಪಾಲು ಸರ್ಕಾರಕ್ಕೆ, ಉಳಿದದ್ದು ಮನೆತನಕ್ಕೆ. ಕೆಲಸವಿಲ್ಲದೆ ಪಗಾರ! ವಾಡೆಯ ಜೀವನವೆಂದು ನಾವಿಂದು ಕಲ್ಪಿಸಿಕೊಳ್ಳುವ ತೂಗುಮಂಚ, ಸಂಗೀತ, ವ್ಯಾಜ್ಯಗಳ ನಿರಾಳ ದಿನಗಳಿಗೆ ಈ ಒಪ್ಪಂದದ ಆಸರೆಯಿತ್ತು.

ಆ ಬಿಡುವಿನಿಂದ ಒಳ್ಳೆಯದೂ ಹುಟ್ಟಿತು. ಕುಂದಗೋಳದ ನಾಡಿಗೇರ ವಾಡೆಯಿಲ್ಲದೆ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಕಥೆ ಹೇಳಲಾಗದು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗಿಬರುತ್ತಿದ್ದ ಗಂಗೂಬಾಯಿ ಹಾನಗಲ್, ಗುರುವಿನ ಮನೆಯಲ್ಲೇ ಉಳಿದು ಕಲಿತ ಭೀಮಸೇನ ಜೋಶಿ ಆ ಊರಿನ ನೆರಳಲ್ಲಿ ಬೆಳೆದವರು. ಇನ್ನು ಶಿಗ್ಲಿಯಲ್ಲಿ ಹುಟ್ಟಿ ನವಲಗುಂದ-ಶಿರಸಂಗಿ ದೇಸಗತಿಗೆ ದತ್ತಕ ಹೋದ ಲಿಂಗರಾಜ ದೇಸಾಯಿ. ಬಾಬಾಸಾಹೇಬನಿಗೆ ಸಿಗದ ದತ್ತಕ ಈ ಹುಡುಗನನ್ನು ಒಡೆಯನನ್ನಾಗಿ ಮಾಡಿತ್ತು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುನ್ನ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ತ್ಯಾಗ ಅನ್ನುವವರಿದ್ದಾರೆ. ರೈತರಿಂದ ಬಂದದ್ದು ರೈತರ ಮಕ್ಕಳಿಗೆ ಮರಳಿತು, ಅಷ್ಟೇ ಅನ್ನುವವರೂ ಇದ್ದಾರೆ. ಆದರೆ ಹಾಗೆ ಮರಳಿಸಿದ ದೇಸಾಯರು ಎಷ್ಟು ಮಂದಿ ಅಂತ ಎಣಿಸಿದರೆ ಬೆರಳು ಉಳಿಯುತ್ತವೆ.

ಸ್ವಾತಂತ್ರ್ಯದ ನಂತರ ಎಲ್ಲ ಬೇಗ ಬೇಗ ಕಳಚಿತು. ಸವಣೂರಿನ ನವಾಬರ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1950ರ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು, 1961ರದು ಗೌಡಕಿಯನ್ನು ತೆಗೆಯಿತು. ಕುಲಕರ್ಣಿಯ ಜಾಗಕ್ಕೆ ತಲಾಠಿ ಬಂದ. ಹಳೆಯ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತದ್ದು 1971ರಲ್ಲಿ.

ನಿಜವಾದ ಪೆಟ್ಟು ಬಿದ್ದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಲಾವಣಿಗೆ, ಪಾಲಿಗೆ ಉಳುತ್ತಿದ್ದವರು 7ನೇ ನಮೂನೆಯ ಅರ್ಜಿ ಕೊಟ್ಟು ಹೊಲದ ಒಡೆತನ ಕೇಳಬಹುದಾಗಿತ್ತು. ಶುರುವಿಗೆ ಭೂ ನ್ಯಾಯಮಂಡಳಿಯೊಳಗೆ ವಕೀಲರಿಗೂ ಪ್ರವೇಶವಿರಲಿಲ್ಲ. ನೂರಿಪ್ಪತ್ತು ವರ್ಷದ ಹಿಂದೆ ವಾಡೆಯವರ ಬಳಿ ಕಾಗದ ಕೇಳಿದ್ದು ಕಂಪನಿ ಸರ್ಕಾರ, ಈ ಸಲ ಕಾಗದ ಹಿಡಿದು ಎದುರಿಗೆ ನಿಂತದ್ದು ಗೇಣಿದಾರ. ಕೆಲವರು ‘ಧಣಿಗಳ ಅನ್ನ ಉಂಡೇವಿ’ ಅಂತ ಅರ್ಜಿ ಹಾಕಲೇ ಇಲ್ಲ. ಅದು ನಿಯತ್ತೋ ಅಂಜಿಕೆಯೋ, ಅವರವರ ಮನೆಯಲ್ಲೇ ಇನ್ನೂ ಇತ್ಯರ್ಥವಾಗಿಲ್ಲ. ಹೊಲ ಕಳೆದುಕೊಂಡ ಸಣ್ಣ ಇನಾಮದಾರರಲ್ಲಿ ವಿಧವೆಯರಿದ್ದರು, ಶಾಲೆಯ ಮಾಸ್ತರರಿದ್ದರು. ಅವರ ಸಂಕಟವನ್ನು ದೊಡ್ಡ ವಾಡೆಗಳ ಲೆಕ್ಕಕ್ಕೇ ಹಾಕಿದ್ದು ಅನ್ಯಾಯ.

ಮತ್ತೆ ಅದೇ ನರಗುಂದ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಬಂಡೆದ್ದಾಗ ಪೊಲೀಸರ ಗುಂಡಿಗೆ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಈ ಸಲ ವಸೂಲಿಗೆ ಬಂದದ್ದು ಚುನಾಯಿತ ಸರ್ಕಾರ, ನಡುವೆ ಯಾವ ದೇಸಾಯಿಯೂ ಇರಲಿಲ್ಲ. ನರಗುಂದದಲ್ಲಿ ಇಂದು ಬಾಬಾಸಾಹೇಬನ ಹೆಸರೂ ಇದೆ, ರೈತನ ವೀರಗಲ್ಲೂ ಇದೆ. ಜುಲೈ 21ಕ್ಕೆ ಪುಢಾರಿಗಳು ಬಂದು ಹಾರ ಹಾಕುವುದು ವೀರಗಲ್ಲಿಗೆ.

2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಹುಬ್ಬಳ್ಳಿ-ಧಾರವಾಡದ ನಡುವೆ 7ನೇ ನಮೂನೆಯಲ್ಲಿ ಬಂದ ಎಕರೆಗಳು ಈಗ ಲೇಔಟ್‌. ನೋಡಲು ಬರುವವರ ದೊಡ್ಡ ಕಾರು ಬದುವಿನ ಹತ್ತಿರ ನಿಂತರೆ ಅಲ್ಲಿದ್ದವರು ಎದ್ದು ನಿಂತು, ‘ಬರ್ರಿ ಗೌಡ್ರ’ ಅನ್ನುತ್ತಾರೆ. ಅಡ್ಡಹೆಸರು ಏನಂತ ಯಾರೂ ಕೇಳುವುದಿಲ್ಲ.