ವೈಟ್ ಆ್ಯಶ್, ಗ್ರೀನ್ ಆ್ಯಶ್: ಯಾವುದು ಯಾವುದೆಂದು ಈಗ ಯಾಕೆ ಕೇಳಬೇಕು?

ಉತ್ತರ ಅಮೆರಿಕದ ಈ ಎರಡು ಮರಗಳನ್ನು ಬೇರೆ ಬೇರೆಯಾಗಿ ನೋಡುವ ಗೋಜಿಗೆ ಬಹಳ ಮಂದಿ ಹೋಗುತ್ತಿರಲಿಲ್ಲ. ಬೇಸ್‌ಬಾಲ್ ಬ್ಯಾಟಿಗೆ ಹೆಸರಾದದ್ದು ವೈಟ್ ಆ್ಯಶ್. ಆದರೆ ಮರದ ವ್ಯಾಪಾರದಲ್ಲಿ ಗ್ರೀನ್ ಆ್ಯಶ್ ಕೂಡ ಅದೇ ಹೆಸರಲ್ಲಿ ಬಿಕರಿಯಾಗುತ್ತಿತ್ತು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ವೈಟ್ ಆ್ಯಶ್‌ಗೆ ವೈಜ್ಞಾನಿಕ ಹೆಸರಿಟ್ಟ. ಗ್ರೀನ್ ಆ್ಯಶ್‌ಗೆ 1785ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹಂಫ್ರಿ ಮಾರ್ಷಲ್. ಆಮೇಲೂ ಗೊಂದಲ ಮುಗಿಯಲಿಲ್ಲ. ರೆಂಬೆಯಲ್ಲಿ ರೋಮವಿದ್ದರೆ ರೆಡ್ ಆ್ಯಶ್, ಇಲ್ಲದಿದ್ದರೆ ಗ್ರೀನ್ ಆ್ಯಶ್ ಎನ್ನುತ್ತಿದ್ದ ಕಾಲವೂ ಇತ್ತು. ಈಗ ಅವೆರಡೂ ಒಂದೇ.

ನಂಬಬಹುದಾದ ಗುರುತು ಎಲೆ ಉದುರಿದ ಮೇಲೆ ಕಾಣುತ್ತದೆ. ತೊಟ್ಟು ಕಳಚಿದ ಜಾಗದ ಕಲೆ ನೋಡಿ. ವೈಟ್ ಆ್ಯಶ್‌ನಲ್ಲಿ ಕಲೆಯ ಮೇಲಂಚು ಒಳಕ್ಕೆ ಬಾಗಿದ್ದು, ಮೊಗ್ಗು ಆ ತಗ್ಗಿನಲ್ಲಿ ಕೂತಿರುತ್ತದೆ. ಗ್ರೀನ್ ಆ್ಯಶ್‌ನಲ್ಲಿ ಮೇಲಂಚು ಹೆಚ್ಚುಕಡಿಮೆ ನೇರ, ಮೊಗ್ಗು ಅದರ ಮೇಲಿರುತ್ತದೆ. ಬೀಜದಲ್ಲೂ ವ್ಯತ್ಯಾಸವಿದೆ: ವೈಟ್ ಆ್ಯಶ್‌ನ ರೆಕ್ಕೆ ಬೀಜದ ತುದಿಯಿಂದ ಶುರುವಾದರೆ, ಗ್ರೀನ್ ಆ್ಯಶ್‌ನ ರೆಕ್ಕೆ ಬೀಜದ ನಡುವಿನವರೆಗೂ ಇಳಿದಿರುತ್ತದೆ. ವೈಟ್ ಆ್ಯಶ್ ಎಲೆಯ ಕೆಳಮೈ ಬಿಳಿಚಿಕೊಂಡಂತಿರುತ್ತದೆ.

ವೈಟ್ ಆ್ಯಶ್‌ಗೆ ನೀರು ನಿಲ್ಲದ, ಫಲವತ್ತಾದ ಇಳಿಜಾರು ಬೇಕು. ಗ್ರೀನ್ ಆ್ಯಶ್ ಹೊಳೆದಂಡೆಯದು. ನೆರೆ ಬಂದರೂ, ಮಣ್ಣು ಗಟ್ಟಿಯಾದರೂ ಸಹಿಸುತ್ತದೆ. ಆ ಗಟ್ಟಿತನವೇ ಅದನ್ನು ನಗರಕ್ಕೆ ತಂದಿತು. 1930ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಕಾಣಿಸಿಕೊಂಡ ಡಚ್ ಎಲ್ಮ್ ರೋಗ ಮುಂದಿನ ದಶಕಗಳಲ್ಲಿ ಬೀದಿಬೀದಿಯ ಎಲ್ಮ್ ಮರಗಳನ್ನು ಬಲಿ ತೆಗೆದುಕೊಂಡಾಗ, ಖಾಲಿ ಜಾಗಕ್ಕೆ ಸಾಲುಸಾಲಾಗಿ ಆ್ಯಶ್ ನೆಟ್ಟರು. ಎಷ್ಟೋ ಕಡೆ ಒಂದೇ ತಾಯಿಮರದ ಕಸಿಗಿಡಗಳು. ಒಂದೇ ಜಾತಿಯ ಮರ ತುಂಬಿಸಿದ್ದರಿಂದಲೇ ತಾನೇ ಎಲ್ಮ್ ಜೊತೆ ನೆರಳೂ ಹೋದದ್ದು? ಅದೇ ತಪ್ಪನ್ನು ಮತ್ತೆ ಮಾಡಿದರು.

2002ರಲ್ಲಿ ಡೆಟ್ರಾಯಿಟ್ ಬಳಿ ಎಮರಾಲ್ಡ್ ಆ್ಯಶ್ ಬೋರರ್ ಪತ್ತೆಯಾಯಿತು. ಪೂರ್ವ ಏಷ್ಯಾದ ಈ ದುಂಬಿ ಸರಕಿನ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು. ಅದರ ಮರಿಹುಳುಗಳು ತೊಗಟೆಯಡಿ ಅಂಕುಡೊಂಕಾಗಿ ಕೊರೆಯುತ್ತಾ ಹೋಗುತ್ತವೆ. ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿಯೇ ತುಂಡಾಗಿ, ಮರ ಕೆಲವೇ ವರ್ಷಗಳಲ್ಲಿ ಒಣಗುತ್ತದೆ. ಹುಳುವಿಗೆ ಗ್ರೀನ್ ಆ್ಯಶ್ ಜಾಸ್ತಿ ಇಷ್ಟ. ವೈಟ್ ಆ್ಯಶ್ ಸ್ವಲ್ಪ ತಡವಾಗಿ ಬಲಿಯಾಗಬಹುದು, ಆದರೆ ಪಾರಾಗುವುದಿಲ್ಲ. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಎರಡನ್ನೂ ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು.

ಹಾಗಿದ್ದೂ ಸತ್ತ ತೋಪುಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಬದುಕಿ ಉಳಿದಿದೆ. ಅವುಗಳ ಕುಡಿಯಿಂದ ಕಸಿ ಮಾಡಿ, ಹುಳುವಿನ ಮೊಟ್ಟೆ ಇಟ್ಟು ಪರೀಕ್ಷಿಸುವ ಕೆಲಸ ಒಹಾಯೊದ ಡೆಲವೇರ್‌ನಲ್ಲಿರುವ ಅಮೆರಿಕ ಅರಣ್ಯ ಸೇವೆಯ ಕೇಂದ್ರದಲ್ಲಿ ನಡೆಯುತ್ತಿದೆ. ಇಲ್ಲಿ ಗುರುತು ತಪ್ಪುವ ಹಾಗಿಲ್ಲ. ಗ್ರೀನ್ ಆ್ಯಶ್‌ನಲ್ಲಿ ಕ್ರೋಮೋಸೋಮ್ 46. ವೈಟ್ ಆ್ಯಶ್‌ನಲ್ಲಿ ಕೆಲವು ಮರಗಳಿಗೆ 46, ಕೆಲವಕ್ಕೆ 92, ಇನ್ನು ಕೆಲವಕ್ಕೆ 138. ಹಾಗಾಗಿ ವೈಟ್ ಆ್ಯಶ್‌ನಲ್ಲಿ ತಳಿ ಬೆಳೆಸುವವರು ಯಾವ ಮರವನ್ನು ಯಾವುದರ ಜೊತೆ ಕೂಡಿಸಬೇಕೆಂದು ಇನ್ನೊಂದು ಲೆಕ್ಕವನ್ನೂ ಹಾಕಬೇಕು.