ಎಕ್ಸೆಲ್ ಪಟ್ಟಿ ಇದ್ದರೆ ಕ್ಯಾಟಲಾಗ್ ಆಗಲಿಲ್ಲ

ಈ ತಿಂಗಳು ಇದು ಮೂರನೇ ಫೋನ್. "ಸರ್, ನಮ್ಮ ಲೈಬ್ರರಿ ಪುಸ್ತಕ ಎಲ್ಲಾ ಎಕ್ಸೆಲ್‌ಗೆ ಹೊಡೆಸಿದ್ದೀವಿ. ನೀವು ಬಂದು ಸಾಫ್ಟ್‌ವೇರ್‌ಗೆ ಏರಿಸಿಬಿಡಿ, ಒಂದು ದಿನದ ಕೆಲಸ." ಖಂಡಿತ ಒಂದು ದಿನದ ಕೆಲಸ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ, ಎಲ್ಲಿಗೇ ಹೋದರೂ ಆ ಪಟ್ಟಿ ತೆರೆದ ಐದು ನಿಮಿಷಕ್ಕೇ ನನಗೆ ತಲೆ ಬಿಸಿಯಾಗುತ್ತದೆ.

ಕಂಪ್ಯೂಟರ್, ಇನ್ವರ್ಟರ್, ಬಾರ್‌ಕೋಡ್ ಯಂತ್ರದ ಬಗ್ಗೆ ಬರೆಯುವುದಿಲ್ಲ, ಅದು ನಿಮಗೇ ಗೊತ್ತು. ಸಾಫ್ಟ್‌ವೇರ್‌ಗೂ ದುಡ್ಡು ಬೇಕಿಲ್ಲ. ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಕೇಂದ್ರ ಸರ್ಕಾರದ ಎನ್‌ಐಸಿಯ ಇ-ಗ್ರಂಥಾಲಯವೂ ಇದೆ. ತೊಂದರೆ ಅಲ್ಲಿಲ್ಲ.

ಕಲಬುರಗಿಯ ಒಂದು ಲೈಬ್ರರಿಯಲ್ಲಿ ನಾನು ಕೂತಿದ್ದಾಗ ಒಬ್ಬ ಹುಡುಗಿ ಬಂದಳು. ಪಿಡಿಒ ಪರೀಕ್ಷೆಗೆ ಓದುತ್ತಿದ್ದಳು. ಹೊಸ ಕಂಪ್ಯೂಟರ್‌ನಲ್ಲಿ 'ಕಲ್ಯಾಣ ಕರ್ನಾಟಕ' ಅಂತ ಹುಡುಕಿದಳು. ಒಂದೂ ಪುಸ್ತಕ ಇಲ್ಲ ಅಂತ ಬಂತು. ಅವಳು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಿದ್ದಳು, ಅಷ್ಟರಲ್ಲಿ ಅಲ್ಲಿನ ಹಳೇ ಸಹಾಯಕರು "ತಡಿಯವ್ವ" ಅಂದು ಒಳಗೆ ಹೋಗಿ, ಮೂರನೇ ರ‍್ಯಾಕ್‌ನ ಕೆಳಗಿನ ಸಾಲಿನಿಂದ ನಾಲ್ಕು ಪುಸ್ತಕ ತಂದು ಧೂಳು ಒರೆಸಿ ಮೇಜಿನ ಮೇಲಿಟ್ಟರು. ನಾಲ್ಕರ ಮೇಲೂ 'ಹೈದರಾಬಾದ್ ಕರ್ನಾಟಕ' ಎಂದಿತ್ತು. ಹೆಸರು ಬದಲಾಗಿದ್ದು 2019ರಲ್ಲಿ, ಪುಸ್ತಕಗಳು ಅದಕ್ಕಿಂತ ಹಳೆಯವು. ಟೈಪ್ ಮಾಡಿದವರು ರಕ್ಷಾಪುಟ ನೋಡಿ ಹಾಗೇ ಹೊಡೆದಿದ್ದರು. ಅವರದು ತಪ್ಪಲ್ಲ, ಅವರಿಗೆ ಹೇಳಿದ್ದೇ ಅಷ್ಟು.

ಮನೆ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ, 1965ರ ಕಾಯ್ದೆಯಿಂದ ಬಂದದ್ದು. ಅಂದರೆ ಆ ನಾಲ್ಕು ಪುಸ್ತಕ ಅವಳ ಮನೆಯವರ ದುಡ್ಡಿನದ್ದೇ. ಅದನ್ನೇ 'ಇಲ್ಲ' ಅಂತ ಹೇಳಿ ಕಳಿಸುತ್ತಿದ್ದೆವು.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಪಟ್ಟಿ ಅಂದರೆ ನಮ್ಮ ಹತ್ತಿರ ಏನಿದೆ ಅಂತ ನಮಗೆ ಗೊತ್ತಾಗುವುದು. ಕ್ಯಾಟಲಾಗ್ ಅಂದರೆ ಓದುಗ ತನಗೆ ಗೊತ್ತಿರುವ ಹೆಸರಿನಲ್ಲಿ ಕೇಳಿದರೂ ಪುಸ್ತಕ ಕೈಗೆ ಸಿಗುವುದು. ಒಬ್ಬರು 'ಸಿದ್ಧಯ್ಯ ಪುರಾಣಿಕ' ಅಂತ ಹೊಡೆಯುತ್ತಾರೆ, ಇನ್ನೊಬ್ಬರು 'ಸಿದ್ದಯ್ಯ', ಮತ್ತೊಬ್ಬರು 'ಪುರಾಣಿಕ ಎಸ್.', ನಾಲ್ಕನೆಯವರು 'ಕಾವ್ಯಾನಂದ'. ಅವರು ನಾಲ್ವರಲ್ಲ, ಒಬ್ಬರೇ ಅಲ್ವಾ? ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ದ ಒತ್ತು, ಧ ಒತ್ತು ಒಂದೇ ಅಂತ ಸಾಫ್ಟ್‌ವೇರ್ ಸಾಮಾನ್ಯವಾಗಿ ತಾನಾಗಿ ತಿಳಿಯುವುದಿಲ್ಲ. ಗುಲ್ಬರ್ಗಾ, ಗುಲಬರ್ಗಾ, ಕಲ್ಬುರ್ಗಿ, ಕಲಬುರಗಿ ಅದಕ್ಕೆ ನಾಲ್ಕು ಊರು. ಒಂದು ಹೆಸರನ್ನು ಮುಖ್ಯ ಅಂತ ಇಟ್ಟುಕೊಂಡು ಉಳಿದವನ್ನೆಲ್ಲ ಅದಕ್ಕೆ ಕಟ್ಟಬೇಕು. ಇದಕ್ಕೆ ಅಥಾರಿಟಿ ರೆಕಾರ್ಡ್ ಅನ್ನುತ್ತೇವೆ. ಹೆಚ್ಚಿನ ಸಮಯ ಹೋಗುವುದು ಇಲ್ಲೇ, ಟೆಂಡರ್‌ನಲ್ಲಿ ಒಂದು ಸಾಲೂ ಇಲ್ಲದಿರುವುದೂ ಇದಕ್ಕೇ.

ಇನ್ನು ನುಡಿ ಫಾಂಟ್. ಹಳೇ ನುಡಿಯಲ್ಲಿ ಹೊಡೆದ ಪಟ್ಟಿ ಪರದೆ ಮೇಲೆ ಕನ್ನಡದಂತೆ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಸಾಫ್ಟ್‌ವೇರ್‌ಗೆ ಹಾಕಿದರೆ ಚಿತ್ರವಿಚಿತ್ರ ಗುರುತು ಬರುತ್ತದೆ. ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕಣ್ಣಿಟ್ಟು ನೋಡಲೇಬೇಕು. ಮೊದಲ ದಿನವೇ ಯುನಿಕೋಡ್‌ನಲ್ಲಿ ಹೊಡೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಬೀದರ್ ಕಡೆ ಇನ್ನೊಂದು. ಉರ್ದು, ಮರಾಠಿ ಪುಸ್ತಕ ಜಾಸ್ತಿ. ಒಂದು ಕಡೆ ಉರ್ದು ಓದಲು ಬಾರದ ಹುಡುಗರು ಇಡೀ ಕಪಾಟಿಗೆ 'ಉರ್ದು ಪುಸ್ತಕ 1, ಉರ್ದು ಪುಸ್ತಕ 2' ಅಂತ ಕೊಟ್ಟು ಮುಗಿಸಿದ್ದರು. ನನಗೆ ನಿಜಕ್ಕೂ ಸಂಕಟವಾಯಿತು. 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿ ಅದರಲ್ಲಿ ಗ್ರಂಥ ಕೂಡಿಟ್ಟ ಊರು ಅದು. ಓದಲು ದಿನಾ ಬರುವ ಹಿರಿಯರೊಬ್ಬರನ್ನು ಕೇಳಿದೆವು. ಅವರು ಕನ್ನಡಕ ಏರಿಸಿ, ದಿನಕ್ಕೆ ಎರಡು ತಾಸು ಕೂತು, ಒಂದೊಂದೇ ಹೆಸರು ಓದಿ ಹೇಳಿದರು. ಚಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಹಾಗಾಗಿ ಫೋನ್ ಮಾಡುವವರಿಗೆ ನನ್ನ ಮಾತು ಇಷ್ಟೇ. ಸುಮ್ನೆ ಎಲ್ಲಾ ಒಂದೇ ಸಲ ಹೊಡೆಸಬೇಡಿ. ಜನ ಹೆಚ್ಚು ಕೇಳುವ ಐನೂರು ಪುಸ್ತಕ ಮೊದಲು ತೆಗೆದುಕೊಳ್ಳಿ. ರಿಜಿಸ್ಟರ್ ನೋಡಿ ಅಲ್ಲ, ಪುಸ್ತಕ ಕೈಯಲ್ಲಿ ಹಿಡಿದು ಮಾಡಿ. ಎಲ್ಲಾ ಕಡೆ ಇದೇ ಕ್ರಮ ಸರಿ ಅಂತ ನಾನು ಹೇಳಲಾರೆ, ಹಳ್ಳಿಯ ಅರಿವು ಕೇಂದ್ರಕ್ಕೂ (ಪಂಚಾಯಿತಿ ಲೈಬ್ರರಿ) ನಗರದ ಲೈಬ್ರರಿಗೂ ವ್ಯತ್ಯಾಸ ಇದೆ. ಆದರೆ ಹಳೇ ಸಹಾಯಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದನ್ನು ಎಲ್ಲೂ ಬಿಡಬೇಡಿ.

ಕಲಬುರಗಿಯ ಆ ಸಹಾಯಕರು ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರ ಮೇಜಿನ ಮೇಲೆ ನಾವೊಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಯಾರು ಯಾವ ಹೆಸರು ಹೇಳಿ ಕೇಳಿದರು, ಇವರು ಯಾವ ಪುಸ್ತಕ ಕೊಟ್ಟರು, ಎರಡನ್ನೂ ಎದುರುಬದುರು ಬರೆಯುತ್ತಾರೆ. ಹೋದ ವಾರ ನೋಡಿದಾಗ ನಲವತ್ತೊಂದನೇ ಪುಟಕ್ಕೆ ಬಂದಿತ್ತು.