ಗೋಡೆಯಿಲ್ಲದ ಮನೆಯೊಳಗೆ ಜ್ವರ ಹೊಕ್ಕಿದ್ದು ಹೇಗೆ?

ಪ್ರಶ್ನೆ: ದೂರದ ದ್ವೀಪಗಳಲ್ಲಿ, ಕಾಡುಗಳಲ್ಲಿ ಇರುವ ಮೂಲನಿವಾಸಿಗಳು ಶುದ್ಧ ಗಾಳಿಯಲ್ಲಿ ಬೆಳೆದು, ಗೆಡ್ಡೆಗೆಣಸು ತಿಂದು ಗಟ್ಟಿಮುಟ್ಟಾಗಿರುತ್ತಾರೆ. ಅಂಥವರಿಗೂ ಫ್ಲೂ, ಕೊರೊನಾ ತಗಲುವುದು ಹೇಗೆ?

ಉತ್ತರ: ಇದಕ್ಕೆ ಎಷ್ಟನೆಯ ಸಲ ಉತ್ತರ ಬರೆಯುತ್ತಿದ್ದೇನೋ ಲೆಕ್ಕ ತಪ್ಪಿದೆ. ‘ಹೇಗೆ’ ಎಂಬುದಕ್ಕೆ ಒಂದೇ ಸಾಲು ಸಾಕು: ಯಾರೋ ಹೊತ್ತು ತರುತ್ತಾರೆ. ವ್ಯಾಪಾರಿ, ಪಾದ್ರಿ, ಅಧಿಕಾರಿ ಅಥವಾ ಪೇಟೆಗೆ ಹೋಗಿ ಬಂದ ಊರಿನವರೇ. ಆದರೆ ‘ಗಟ್ಟಿಮುಟ್ಟಾಗಿದ್ದಾರೆ, ಅವರಿಗೇನಾದೀತು’ ಎಂಬ ನಂಬಿಕೆಯನ್ನು ಬೇರುಸಮೇತ ಕೀಳದೆ ನನಗೆ ಸಮಾಧಾನವಿಲ್ಲ. ‘ಅವರಿಗೇಕೆ ಲಸಿಕೆ’ ಎಂಬ ಮಾತು ಹುಟ್ಟುವುದೇ ಅದರಿಂದ.

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳನ್ನು ನೋಡಿ. ಅಲ್ಲಿನ ಸಾಂಪ್ರದಾಯಿಕ ಮನೆಗೆ ಗೋಡೆಯೇ ಇಲ್ಲ. ಕಂಬಗಳ ಮೇಲೊಂದು ಹುಲ್ಲಿನ ಸೂರು, ಮಳೆ ಬಂದರೆ ಇಳಿಬಿಡಲು ತೆಂಗಿನ ಗರಿಯ ತಟ್ಟಿ. ನೆಲದ ಚಾಪೆಯ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಮಲಗುತ್ತಾರೆ. ಊಟಕ್ಕೆ ಕೆಸುವಿನ ಗೆಡ್ಡೆ, ಜೀಗುಜ್ಜೆ, ತೆಂಗು, ಮೀನು. ಇದಕ್ಕಿಂತ ಶುದ್ಧ ಗಾಳಿ, ಇದಕ್ಕಿಂತ ಸಹಜ ಆಹಾರ ಬೇಕೆ?

ನ್ಯೂಜಿಲೆಂಡ್‌ನಿಂದ ಹೊರಟ ‘ತಲೂನೆ’ ಎಂಬ ಹಡಗು 1918ರ ನವೆಂಬರ್ 7ರಂದು ಪಶ್ಚಿಮ ಸಮೋವಾದ ಆಪಿಯಾ ಬಂದರಿಗೆ ಬಂತು. ಹಡಗಿನಲ್ಲಿ ಫ್ಲೂ ಜ್ವರದ ರೋಗಿಗಳಿದ್ದರೂ ಪ್ರಯಾಣಿಕರನ್ನು ಇಳಿಯಲು ಬಿಟ್ಟರು. ಎರಡೇ ತಿಂಗಳಲ್ಲಿ ಅಲ್ಲಿನ ಸುಮಾರು 38,000 ಜನರಲ್ಲಿ 8,500ರಷ್ಟು ಮಂದಿ ಸತ್ತರು. ಮನೆಯವರೆಲ್ಲ ಒಟ್ಟಿಗೇ ಹಾಸಿಗೆ ಹಿಡಿದಾಗ ನೀರು ತರುವವರಿಲ್ಲ, ಒಲೆ ಹಚ್ಚುವವರಿಲ್ಲ, ಮಗುವಿನ ಬಾಯಿಗೆ ಗಂಜಿ ಬಿಡುವವರಿಲ್ಲ. ಬರೀ ವೈರಸ್ಸಿನಿಂದಲ್ಲ, ಹೀಗೂ ಜನ ಸಾಯುತ್ತಾರೆ. ಚಿಕ್ಕ ಸಮುದಾಯಗಳಲ್ಲಿ ಇದು ಇನ್ನೂ ಘೋರ.

ಈಗ ನಂಬಿಕೆಯನ್ನು ಪೂರ್ತಿ ಮುರಿಯುವ ಸಂಗತಿ. ಅದೇ ದ್ವೀಪಮಾಲೆಯ ಪೂರ್ವ ಭಾಗ, ಅಮೆರಿಕದ ಆಡಳಿತದಲ್ಲಿದ್ದ ಸಮೋವಾ. ಅದೇ ಜನ, ಅದೇ ಭಾಷೆ, ಅದೇ ಗಾಳಿ, ಅದೇ ಕೆಸು. ಅಲ್ಲಿನ ಗವರ್ನರ್ ಜಾನ್ ಪೋಯರ್ ಸುದ್ದಿ ತಿಳಿದ ಕೂಡಲೇ ಹಡಗುಗಳಿಗೆ ದಿಗ್ಬಂಧನ ಹಾಕಿದರು. ದೋಣಿಗಳು ಗುಟ್ಟಾಗಿ ಬಂದು ಸೇರದಂತೆ ಊರಿನವರೇ ಕರಾವಳಿ ಕಾದರು. ಆ ಜ್ವರಕ್ಕೆ ಅಲ್ಲಿ ಸತ್ತವರು ಒಬ್ಬರೂ ಇಲ್ಲ. ಗಾಳಿಯೋ ಗೆಡ್ಡೆಯೋ ಕಾಪಾಡುವಂತಿದ್ದರೆ ಎರಡೂ ಕಡೆ ಕಾಪಾಡಬೇಕಿತ್ತಲ್ಲವೆ?

‘ಹಾಗಾದರೆ ಆ ಜನಾಂಗದ ರಕ್ತವೇ ದುರ್ಬಲ’ ಎಂದು ಮತ್ತೊಂದು ತುದಿಗೆ ಜಿಗಿಯುವವರಿದ್ದಾರೆ. ಅದೂ ತಪ್ಪು. ಸೋಂಕಿನ ವಿರುದ್ಧ ದೇಹಕ್ಕೆ ಬೇಕಾದದ್ದು ತೋಳ್ಬಲವಲ್ಲ, ನೆನಪು. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳಿಗೆ 1846ರಲ್ಲಿ ದಡಾರ ಬಂದಾಗ ಅಲ್ಲಿದ್ದ ಸುಮಾರು 7,800 ಜನರಲ್ಲಿ 6,000 ಮಂದಿ ಮಲಗಿದರು. ಅವರೆಲ್ಲ ಯುರೋಪಿನ ಬಿಳಿಯರೇ. ಯುವ ವೈದ್ಯ ಪೀಟರ್ ಪಾನುಮ್ ಮನೆಮನೆ ವಿಚಾರಿಸಿದಾಗ ಒಂದು ವಿಷಯ ಕಂಡಿತು: 1781ರಲ್ಲಿ ದಡಾರ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮರಳಲಿಲ್ಲ. ಅರವತ್ತೈದು ವರ್ಷ ಕಳೆದರೂ ಅವರ ಮೈ ಮರೆತಿರಲಿಲ್ಲ! ಪಾಠ ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುವುದು ಇಲ್ಲೇ. ಲಸಿಕೆ ಕೊಡುವುದೂ ಇದೇ ನೆನಪನ್ನು, ರೋಗದ ಸಂಕಟವಿಲ್ಲದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಇದೆಲ್ಲ ಹಳೆಯ ಕಾಲದ ಕಥೆಯಲ್ಲ. 2018ರಲ್ಲಿ ಇದೇ ಸಮೋವಾದಲ್ಲಿ (ಅಂದಿನ ಪಶ್ಚಿಮ ಸಮೋವಾ) ದಡಾರದ ಲಸಿಕೆ ಹಾಕಿಸಿಕೊಂಡ ಎರಡು ಕೂಸುಗಳು ಸತ್ತವು. ಲಸಿಕೆಯ ಪುಡಿಗೆ ನೀರಿನ ಬದಲು ಬೇರೆ ಔಷಧ ಬೆರೆಸಿದ್ದೇ ಕಾರಣ, ಲಸಿಕೆಯಲ್ಲ. ಆದರೆ ಲಸಿಕೆ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ತಾಯಂದಿರ ಮನಸ್ಸಿನಲ್ಲಿ ಹೆದರಿಕೆ ಕೂತಿತು. ಮರುವರ್ಷ ದಡಾರ ಬಂದು 83 ಮಂದಿಯನ್ನು ಕೊಂದಿತು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಕೊನೆಗೆ 2019ರ ಡಿಸೆಂಬರ್ 5 ಮತ್ತು 6ರಂದು ಇಡೀ ದೇಶದ ಓಡಾಟ ನಿಲ್ಲಿಸಿ, ಲಸಿಕೆ ಬೇಕಾದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಲು ಸರ್ಕಾರ ಹೇಳಿತು. ಖಾಲಿ ರಸ್ತೆಗಳಲ್ಲಿ ದಾದಿಯರ ತಂಡಗಳು ಕೆಂಪು ಕಂಡಲ್ಲೆಲ್ಲ ನಿಂತು, ಚುಚ್ಚುಮದ್ದು ಕೊಟ್ಟು, ಮುಂದಿನ ಮನೆಗೆ ಹೋದವು.